ಇಂಗಾಲದ ಬೆನ್ನು ಹತ್ತಿ: ಪರೀಕ್ಷೆಗೆ ಮುಂಚೆ ಜೀವವಿಜ್ಞಾನ ಓದಿಸುವ ನನ್ನ ಅನುಭವ

ಪರೀಕ್ಷೆ ಹತ್ತಿರ ಬಂದಾಗ ಪರಿಸರ ಮತ್ತು ಜೀವವಿಜ್ಞಾನದ ಪಾಠಗಳನ್ನು ಮತ್ತೊಮ್ಮೆ ನೋಡಬೇಕಲ್ಲ, ಆಗ ನನ್ನ ತರಗತಿಯಲ್ಲಿ ಪುಸ್ತಕ ತೆರೆಯುವುದು ಕೊನೆಗೆ. ಮೊದಲು ಖಾಲಿ ಹಾಳೆ, ಪೆನ್ಸಿಲ್ ಮತ್ತು ಒಂದು ಪ್ರಶ್ನೆ. ಒಂದು ಪುಟ್ಟ ಬೀಜ ನೂರಾರು ಕಿಲೋ ತೂಕದ ಮರವಾಗುತ್ತದೆ. ಆ ತೂಕ ಎಲ್ಲಿಂದ ಬಂತು?

ಜಾಸ್ತಿ ಮಕ್ಕಳು ಮಣ್ಣಿನಿಂದ ಎಂದು ಬರೆಯುತ್ತಾರೆ. ಕೆಲವರು ನೀರಿನಿಂದ ಎನ್ನುತ್ತಾರೆ, ಕೆಲವರು ಬಿಸಿಲಿನಿಂದ. ಗಾಳಿಯಿಂದ ಎಂದು ಬರೆಯುವವರು ತೀರಾ ಕಡಿಮೆ. ಇದೇ ಮಕ್ಕಳಿಗೆ ದ್ಯುತಿಸಂಶ್ಲೇಷಣೆಯ ಸಮೀಕರಣ ಕೇಳಿ ನೋಡಿ. ಕಾರ್ಬನ್ ಡೈಆಕ್ಸೈಡ್, ನೀರು, ಬೆಳಕು, ಗ್ಲೂಕೋಸ್, ಆಕ್ಸಿಜನ್, ಒಂದನ್ನೂ ಬಿಡದೆ ಬರೆಯುತ್ತಾರೆ. ಸಮೀಕರಣ ಗೊತ್ತಿದೆ. ಅದು ಹೊರಗೆ ನಿಂತಿರುವ ಮರದ ವಿಷಯವನ್ನೇ ಹೇಳುತ್ತಿದೆ ಅನ್ನುವುದು ಹೊಳೆದಿಲ್ಲ.

ಹಾಗೆಂದು ಮಕ್ಕಳನ್ನು ಬೈಯುವ ಹಾಗಿಲ್ಲ. ವಿಜ್ಞಾನಿಗಳಿಗೇ ಇದು ಬಹಳ ಕಾಲ ಹೊಳೆದಿರಲಿಲ್ಲ. ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಎಂಬಾತ ತೂಕ ಮಾಡಿದ ಒಣಮಣ್ಣಿನಲ್ಲಿ ವಿಲ್ಲೋ ಗಿಡ ನೆಟ್ಟು 5 ವರ್ಷ ನೀರು ಮಾತ್ರ ಹಾಕಿದ. 5 ಪೌಂಡಿನ ಗಿಡ 169 ಪೌಂಡಿಗೆ ಬೆಳೆಯಿತು. 200 ಪೌಂಡ್ ಮಣ್ಣಿನಲ್ಲಿ ಕಡಿಮೆಯಾಗಿದ್ದು ಸುಮಾರು 2 ಔನ್ಸ್ ಅಷ್ಟೇ. ಮರದ ತೂಕ ಮಣ್ಣಿನಿಂದ ಬಂದದ್ದಲ್ಲ ಎಂದು ಸರಿಯಾಗಿಯೇ ತಿಳಿದುಕೊಂಡ. ಆದರೆ ಎಲ್ಲವೂ ನೀರಿನಿಂದಲೇ ಬಂತು ಎಂದುಕೊಂಡ. ಅವನ ಬರಹ ಅಚ್ಚಾಗಿದ್ದು 1648ರಲ್ಲಿ. ಗಾಳಿಯ ಪಾತ್ರ ಗೊತ್ತಾಗಲು ಇನ್ನೂ ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಈ ಪ್ರಯೋಗವನ್ನು ನಾನು ತಪ್ಪದೆ ಹೇಳುತ್ತೇನೆ. ಪರೀಕ್ಷೆಯಲ್ಲಿ ಬರುತ್ತದೆ ಅಂತಲ್ಲ. ಈ ಅಂಕಿಗಳನ್ನು ಕೇಳಿದ ಮೇಲೆ ಮಕ್ಕಳು ತಮ್ಮ ಹಾಳೆಯ ಮೇಲಿನ "ಮಣ್ಣಿನಿಂದ" ಎಂಬ ಉತ್ತರವನ್ನು ತಾವೇ ಹೊಡೆದು ಹಾಕುತ್ತಾರೆ.

ಆಮೇಲೆ ನಮ್ಮ ಮುಖ್ಯ ಕೆಲಸ ಶುರು. ಗಾಳಿಯಲ್ಲಿರುವ ಒಂದೇ ಒಂದು ಇಂಗಾಲದ ಪರಮಾಣುವಿನ ಬೆನ್ನು ಹತ್ತಬೇಕು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಸುಮಾರು 0.04 ಶೇಕಡ. ಇಷ್ಟು ಕಡಿಮೆ ಇರುವ ಈ ಅನಿಲದಿಂದಲೇ ಕಾಡುಗಳೆಲ್ಲ ಬೆಳೆದಿವೆ! ಆ ಪರಮಾಣು ಎಲೆಯ ಪತ್ರರಂಧ್ರದಿಂದ ಒಳಗೆ ಬರುತ್ತದೆ, ಕೋಶದೊಳಗಿನ ಹಸಿರು ಕಣವಾದ ಕ್ಲೋರೊಪ್ಲಾಸ್ಟ್ ಸೇರುತ್ತದೆ, ಗ್ಲೂಕೋಸ್ ಆಗುತ್ತದೆ, ಕಾಳಿನಲ್ಲಿ ಪಿಷ್ಟವಾಗಿ ಕೂರುತ್ತದೆ. ಕಾಳನ್ನು ಇಲಿ ತಿನ್ನುತ್ತದೆ. ಮುಂದೇನು? ಅದನ್ನು ಮಕ್ಕಳೇ ಬರೆಯಬೇಕು. ಪುಸ್ತಕ ನೋಡುವ ಹಾಗಿಲ್ಲ. ಒಂದೊಂದು ಹೆಜ್ಜೆಗೂ ಪಕ್ಕದಲ್ಲಿ ಇದು ಯಾವ ಪಾಠ ಎಂದು ಬರೆಯಬೇಕು. ಇಲಿಯ ಹೊಟ್ಟೆಗೆ ಬಂದಾಗ ಜೀರ್ಣಕ್ರಿಯೆ, ರಕ್ತಕ್ಕೆ ಬಂದಾಗ ಪರಿಚಲನೆ, ಜೀವಕೋಶದ ಪೊರೆ ದಾಟುವಾಗ ಕೋಶದ ಪಾಠ, ಕೋಶದೊಳಗೆ ಆಹಾರದಿಂದ ಶಕ್ತಿ ಬಿಡಿಸುವ ಮೈಟೊಕಾಂಡ್ರಿಯಾದಲ್ಲಿ ಉಸಿರಾಟ. ಇಲಿಯನ್ನು ಹಾವು ತಿಂದರೆ ಆಹಾರ ಸರಪಳಿ. ಹಾವು ಸತ್ತರೆ ಅದನ್ನು ಕೊಳೆಸುವ ವಿಘಟಕರು. ಬೇರೆ ಬೇರೆ ಅಧ್ಯಾಯಗಳೆಂದು ತಿಂಗಳುಗಟ್ಟಲೆ ಓದಿದ್ದು ಒಂದೇ ದಾರಿಯಲ್ಲಿ ಸಾಲಾಗಿ ನಿಲ್ಲುತ್ತದೆ.

ಮಗು ಎಲ್ಲಿ ಪೆನ್ಸಿಲ್ ಎತ್ತಿ ಯೋಚಿಸುತ್ತಾ ಕೂರುತ್ತದೋ ಆ ಜಾಗಕ್ಕೆ ಒಂದು ಗುರುತು ಹಾಕಿಸುತ್ತೇನೆ. ಅವತ್ತು ಮನೆಯಲ್ಲಿ ಓದಬೇಕಾದದ್ದು ಆ ಗುರುತಿನ ಪಾಠ ಮಾತ್ರ. ಗೊತ್ತಿರುವುದನ್ನೇ ಸುಮ್ನೆ ಮತ್ತೆ ಮತ್ತೆ ಓದಿ ಸಮಯ ಕಳೆಯುವುದು ಇದರಿಂದ ನಿಲ್ಲುತ್ತದೆ.

ನಾನು ನೋಡಿದ ಹಾಗೆ ಮಕ್ಕಳು ಹೆಚ್ಚಾಗಿ ನಿಲ್ಲುವುದು ಒಂದೇ ಜಾಗದಲ್ಲಿ. ಇಲಿ ತಿಂದ ಕಾಳು ಎಲ್ಲಿಗೆ ಹೋಯಿತು? "ಶಕ್ತಿಯಾಯಿತು" ಎಂದು ಬರೆದು ಮುಗಿಸುತ್ತಾರೆ. ಪರಮಾಣುಗಳು ಶಕ್ತಿಯಾಗಿ ಮಾಯವಾಗುವುದಿಲ್ಲ. ಗ್ಲೂಕೋಸ್ ಒಡೆದಾಗ ಅದರೊಳಗಿನ ಶಕ್ತಿ ಕೋಶದ ಕೆಲಸಕ್ಕೆ ಸಿಗುತ್ತದೆ, ಇಂಗಾಲ ಮಾತ್ರ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ನಾವು ಬಿಡುವ ಉಸಿರಿನಲ್ಲಿರುವ ಇಂಗಾಲ ನಾವು ತಿಂದ ಆಹಾರದ್ದೇ. ಒಳಗೆ ತೆಗೆದುಕೊಂಡ ಆಕ್ಸಿಜನ್ ಕೊನೆಗೆ ನೀರಾಗುತ್ತದೆ. ಇದನ್ನು ಕೇಳಿದಾಗ ತರಗತಿ ಒಮ್ಮೆಲೇ ಚುರುಕಾಗುತ್ತದೆ. ಹಾಗಾದರೆ ದಪ್ಪ ಇರುವವರು ತೆಳ್ಳಗಾದಾಗ ಆ ಕೊಬ್ಬು ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಹುಪಾಲು ಉಸಿರಿನಲ್ಲಿ! ಇಂಥ ಪ್ರಶ್ನೆ ಮಕ್ಕಳಿಂದಲೇ ಬಂತು ಎಂದರೆ ಆ ಪಾಠ ಅವರಿಗೆ ದಕ್ಕಿದೆ ಅಂತಲೇ ಲೆಕ್ಕ.

ಇನ್ನೊಂದು ಗಟ್ಟಿಯಾಗಿ ಬೇರೂರಿದ ತಪ್ಪು ಇದೆ. ಪ್ರಾಣಿಗಳು ಉಸಿರಾಡುತ್ತವೆ, ಗಿಡಗಳು ದ್ಯುತಿಸಂಶ್ಲೇಷಣೆ ಮಾಡುತ್ತವೆ, ರಾತ್ರಿ ಮಾತ್ರ ಗಿಡವೂ ಉಸಿರಾಡುತ್ತದೆ ಎಂಬ ನಂಬಿಕೆ. ಗಿಡದ ಜೀವಕೋಶದಲ್ಲೂ ಮೈಟೊಕಾಂಡ್ರಿಯಾ ಇದೆ, ಅಲ್ವಾ? ಅದು ಹಗಲು ಸುಮ್ಮನೆ ಕೂತಿರುವುದಿಲ್ಲ. ಗಿಡ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆ ಅದಕ್ಕಿಂತ ಜೋರಾಗಿ ನಡೆಯುವುದರಿಂದ ಒಟ್ಟಾರೆ ಆಕ್ಸಿಜನ್ ಹೊರಬರುತ್ತದೆ, ಅಷ್ಟೇ. ಇದಕ್ಕೆ ಸಸ್ಯಕೋಶದ ಚಿತ್ರವನ್ನೇ ಬರೆಸುತ್ತೇನೆ. ನೋಡದೆ ಬರೆಯಬೇಕು, ಆಮೇಲೆ ಪುಸ್ತಕದ ಚಿತ್ರದ ಜೊತೆ ಹೋಲಿಸಿ ಬಿಟ್ಟುಹೋದ ಭಾಗವನ್ನು ಬೇರೆ ಬಣ್ಣದಲ್ಲಿ ಸೇರಿಸಬೇಕು. ಹೆಚ್ಚಿನ ಹಾಳೆಗಳಲ್ಲಿ ಬಿಟ್ಟುಹೋಗಿರುವುದು ಮೈಟೊಕಾಂಡ್ರಿಯಾನೇ.

ಇಂಗಾಲ ಸುತ್ತು ಹಾಕುತ್ತದೆ, ಶಕ್ತಿ ಹಾಗಲ್ಲ. ಅದು ಸೂರ್ಯನಿಂದ ಬಂದು ಶಾಖವಾಗಿ ಹೊರಟೇ ಹೋಗುತ್ತದೆ, ತಿರುಗಿ ಬರುವುದಿಲ್ಲ. ಪರಿಸರ ಪಾಠದ ಅರ್ಧ ಪ್ರಶ್ನೆಗಳು ಈ ಒಂದು ವ್ಯತ್ಯಾಸದ ಮೇಲೇ ನಿಂತಿವೆ ಎಂದು ನನಗೆ ಅನ್ನಿಸುತ್ತದೆ. ಒಂದು ಪೋಷಣಾ ಸ್ತರದಿಂದ, ಅಂದರೆ ಆಹಾರ ಸರಪಳಿಯ ಒಂದು ಹಂತದಿಂದ, ಮುಂದಿನದಕ್ಕೆ ಸುಮಾರು 10 ಶೇಕಡ ಶಕ್ತಿ ಹೋಗುತ್ತದೆ. ಈ ವಿಚಾರದ ಹಿಂದೆ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ 1942ರಲ್ಲಿ ಒಂದು ಸರೋವರದ ಬಗ್ಗೆ ಪ್ರಕಟಿಸಿದ ಕೆಲಸ ಇದೆ. ಹುಲ್ಲಿನಲ್ಲಿ 10,000 ಜೂಲ್ ಇದ್ದರೆ ಮಿಡತೆಗೆ 1,000, ಕಪ್ಪೆಗೆ 100, ಹಾವಿಗೆ 10. ಲೆಕ್ಕ ಎಲ್ಲರೂ ಮಾಡುತ್ತಾರೆ. ನಾನು ಕೇಳುವುದು ಉಳಿದ 90 ಶೇಕಡ ಎಲ್ಲಿ ಹೋಯಿತು ಎಂದು. ಒಂದಷ್ಟು ಉಸಿರಾಟದಲ್ಲಿ ಶಾಖವಾಯಿತು, ಒಂದಷ್ಟನ್ನು ಯಾರೂ ತಿನ್ನಲೇ ಇಲ್ಲ, ಒಂದಷ್ಟು ಜೀರ್ಣವಾಗದೆ ಹೊರಗೆ ಹೋಯಿತು. ಇಷ್ಟು ಬರೆಯಲು ಬಂದರೆ ಆಹಾರ ಸರಪಳಿ ಏಕೆ ನಾಲ್ಕೈದು ಹೆಜ್ಜೆಗೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಬೇರೆ ಉತ್ತರ ಉರುಹೊಡೆಯಬೇಕಾಗಿಲ್ಲ. 10 ಎಂಬುದು ಅಂದಾಜು, ಪ್ರಕೃತಿಯಲ್ಲಿ ಅದು ಹೆಚ್ಚು ಕಡಿಮೆ ಆಗುತ್ತದೆ ಎಂದೂ ಹೇಳಿಬಿಡುತ್ತೇನೆ.

ಬಾಣದ ಗುರುತಿನ ಬಗ್ಗೆ ಒಂದು ಮಾತು. ಅಂಕ ಸುಲಭವಾಗಿ ಕೈಜಾರುವುದು ಇಲ್ಲೇ. ಹುಲ್ಲಿನಿಂದ ಮಿಡತೆಯ ಕಡೆಗೆ ಬಾಣ. ತಿನ್ನುವವರು ತಿನ್ನಿಸಿಕೊಳ್ಳುವವರ ಕಡೆ ಬೊಟ್ಟು ಮಾಡುವ ಹಾಗೆ ಬರೆದರೆ ತಪ್ಪು. ಶಕ್ತಿ ಯಾರ ಹೊಟ್ಟೆಗೆ ಹೋಗುತ್ತದೋ ಬಾಣದ ತುದಿ ಅಲ್ಲಿ. ಒಂದೊಂದು ಸ್ತರವನ್ನು ಒಂದರ ಮೇಲೊಂದು ಇಟ್ಟು ಬರೆಯುವ ಪಿರಮಿಡ್‌ಗಳಲ್ಲೂ ಇದೇ ಯೋಚನೆ ಸಾಕು. ಒಂದೇ ಮರದ ಮೇಲೆ ಸಾವಿರಾರು ಹುಳುಗಳು ಇರಬಹುದು, ಹಾಗಾಗಿ ಸಂಖ್ಯೆಯ ಪಿರಮಿಡ್ ತಲೆಕೆಳಗಾಗಬಹುದು. ಸಮುದ್ರದಲ್ಲಿ ಜೀವರಾಶಿಯ, ಅಂದರೆ ಜೀವಿಗಳ ಒಟ್ಟು ತೂಕದ, ಪಿರಮಿಡ್ ಕೂಡ ತಲೆಕೆಳಗಾಗುವುದುಂಟು, ಯಾಕೆಂದರೆ ಸೂಕ್ಷ್ಮ ಸಸ್ಯಪ್ಲವಕಗಳು ಬಲು ಬೇಗ ಹುಟ್ಟುತ್ತವೆ, ಅಷ್ಟೇ ಬೇಗ ಬೇರೆಯವರ ಬಾಯಿಗೆ ಬೀಳುತ್ತವೆ. ಶಕ್ತಿಯ ಪಿರಮಿಡ್ ಮಾತ್ರ ಎಂದೂ ತಲೆಕೆಳಗಾಗುವುದಿಲ್ಲ.

"ಈ ಜೀವಿ ಇಲ್ಲವಾದರೆ ಏನಾಗುತ್ತದೆ?" ಎಂಬ ಪ್ರಶ್ನೆಗೆ ನಾನು ಜಾಸ್ತಿ ಸಮಯ ಕೊಡುತ್ತೇನೆ. ಸಮತೋಲನ ತಪ್ಪುತ್ತದೆ ಎಂದು ಬರೆದರೆ ನಾನು ಒಪ್ಪುವುದಿಲ್ಲ. ಅದು ಯಾವ ಪ್ರಶ್ನೆಗಾದರೂ ಹೊಂದುವ ಉತ್ತರ. ಯಾವುದು ಹೆಚ್ಚಿತು, ಯಾವುದು ಕಡಿಮೆಯಾಯಿತು, ಯಾಕೆ? ಪರಿಸರ ವಿಜ್ಞಾನಿ ರಾಬರ್ಟ್ ಪೇನ್ 1960ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಮಾಡಿದ್ದನ್ನು ಇಲ್ಲಿ ಹೇಳುತ್ತೇನೆ. ಬಂಡೆಗಳ ಮೇಲಿದ್ದ ನಕ್ಷತ್ರಮೀನುಗಳನ್ನು ಅವರು ಒಂದು ಜಾಗದಿಂದ ತೆಗೆದು ತೆಗೆದು ಎಸೆದರು. ಅದು ತಿನ್ನುತ್ತಿದ್ದ ಚಿಪ್ಪುಜೀವಿಗಳು ಹೆಚ್ಚಿದವು. ಚಿಪ್ಪುಜೀವಿಗಳು ಬಂಡೆಯ ಜಾಗವನ್ನೆಲ್ಲ ಹಿಡಿದವು. ಅಲ್ಲಿದ್ದ 15 ಪ್ರಭೇದಗಳು 8ಕ್ಕೆ ಇಳಿದವು. ಇಲ್ಲಿ ಜಗಳ ಆಹಾರಕ್ಕಲ್ಲ, ಜಾಗಕ್ಕೆ. ಒಂದು ಬೇಟೆಗಾರ ಪ್ರಾಣಿ ಹೋದರೆ ಅದನ್ನು ಕಂಡೇ ಇರದ ಪಾಚಿಗೂ ನೆಲೆ ತಪ್ಪಬಹುದು. ಈ ಕಥೆ ಕೇಳಿದ ಮೇಲೆ ಮಕ್ಕಳ ಉತ್ತರ ಕನಿಷ್ಠ ಎರಡು ಹೆಜ್ಜೆ ಮುಂದೆ ಹೋಗುತ್ತದೆ, ಮತ್ತು ಪ್ರತಿ ಹೆಜ್ಜೆಗೂ ಒಂದು "ಯಾಕೆಂದರೆ" ಸೇರುತ್ತದೆ.

ಸಾರಜನಕ ಚಕ್ರ ದೊಡ್ಡ ಚಿತ್ರ, ಹೆದರಿಸುವಂಥದ್ದು. ನಾನು ಅದನ್ನು ಒಂದು ತೊಡಕಾಗಿ ಇಡುತ್ತೇನೆ: ಗಾಳಿಯಲ್ಲಿ 78 ಶೇಕಡ ಸಾರಜನಕ ಇದೆ, ಆದರೂ ಗಿಡಕ್ಕೆ ಅದನ್ನು ನೇರವಾಗಿ ಬಳಸಲು ಬರುವುದಿಲ್ಲ. ಮತ್ತೆ ಯಾರು ಸಹಾಯ ಮಾಡುತ್ತಾರೆ? ಬ್ಯಾಕ್ಟೀರಿಯಾ, ಒಂದಿಷ್ಟು ಮಿಂಚು. ಇಷ್ಟು ಹಿಡಿದುಕೊಂಡರೆ ಉಳಿದ ಬಾಣಗಳು ಜೋಡಿಸಿಕೊಳ್ಳುತ್ತವೆ. ವರ್ಗೀಕರಣ ಮತ್ತು ಹೆಸರುಗಳ ಪಟ್ಟಿಗೆ ಇಂಥ ದಾರಿ ಇಲ್ಲ. ಅದನ್ನು ದಿನಾ ಸ್ವಲ್ಪ ಸ್ವಲ್ಪ ನೆನಪಿನಿಂದ ಬರೆಯುವುದೇ ಸರಿ.

ಪುಸ್ತಕ ಮುಚ್ಚಿಸುವ ನನ್ನ ಹಟಕ್ಕೆ ಕಾರಣ ಇದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಓದಿದ್ದನ್ನು ನೆನಪಿನಿಂದ ಬರೆದರು. 5 ನಿಮಿಷದ ನಂತರ ಕೇಳಿದಾಗ ಓದಿದವರು ಮುಂದೆ. ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದೆ. ಮತ್ತೆ ಮತ್ತೆ ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಪುಸ್ತಕ ಮುಚ್ಚಿದ ಮೇಲೆ ಏನು ಉಳಿಯಿತು ಎಂಬುದೇ ಪರೀಕ್ಷೆಯಲ್ಲಿ ಕೈಗೆ ಬರುವುದು. ಹಾಗಾಗಿ ಇಂಗಾಲದ ಪಯಣವನ್ನು ಒಂದೇ ದಿನ ಬರೆದು ಬಿಡಬಾರದು. ಒಂದೆರಡು ದಿನ ಬಿಟ್ಟು ಮತ್ತೆ ಖಾಲಿ ಹಾಳೆಯಲ್ಲಿ ಬರೆಯಬೇಕು, ಈ ಸಲ ಬೇರೆ ಪ್ರಾಣಿ ಇಟ್ಟುಕೊಂಡು.

ಕೊನೆಗೆಂದು ನಾನು ಉಳಿಸಿಕೊಳ್ಳುವ ಪ್ರಶ್ನೆ ಡಿಡಿಟಿ ಎಂಬ ಕೀಟನಾಶಕದ್ದು. ಆಹಾರ ಸರಪಳಿಯಲ್ಲಿ ಮೇಲೆ ಹೋದಂತೆ ಶಕ್ತಿ ಕಡಿಮೆಯಾಗುತ್ತದೆ, ಆದರೆ ಡಿಡಿಟಿಯ ಸಾಂದ್ರತೆ ಹೆಚ್ಚಾಗುತ್ತದೆ. ಹೇಗೆ? ಎರಡೂ ಒಂದೇ ಸರಪಳಿಯಲ್ಲಿ, ಒಂದೇ ಸಮಯದಲ್ಲಿ. ಇದಕ್ಕೆ ಉತ್ತರ ಬರೆಯಲು ಇಷ್ಟು ದಿನದ ಎಲ್ಲವೂ ಬೇಕು. ಆಹಾರದ ಬಹುಪಾಲು ಇಂಗಾಲ ಉಸಿರಿನಲ್ಲಿ ಹೊರಹೋಗುತ್ತದೆ, ಶಕ್ತಿ ಶಾಖವಾಗಿ ಹೋಗುತ್ತದೆ. ಡಿಡಿಟಿ ಸುಲಭವಾಗಿ ಒಡೆಯುವುದಿಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಮೀನು ತನ್ನ ಜೀವಮಾನದಲ್ಲಿ ಎಷ್ಟೋ ಸಣ್ಣ ಜೀವಿಗಳನ್ನು ತಿನ್ನುತ್ತದೆ, ಹಕ್ಕಿ ಎಷ್ಟೋ ಮೀನುಗಳನ್ನು ತಿನ್ನುತ್ತದೆ, ಎಲ್ಲದರ ವಿಷ ಒಂದೇ ಮೈಯಲ್ಲಿ ಸೇರುತ್ತದೆ. ಮೀನು ತಿನ್ನುವ ಹದ್ದುಗಳ ಮೊಟ್ಟೆಯ ಚಿಪ್ಪು ತೆಳುವಾಗಿ, ಮರಿಯಾಗುವ ಮುಂಚೆಯೇ ಒಡೆದುಹೋಗುತ್ತಿತ್ತು. ಅಮೆರಿಕ ಇದರ ಬಳಕೆಯನ್ನು 1972ರಲ್ಲಿ ನಿಷೇಧಿಸಿದ ಮೇಲೆ ಆ ಹಕ್ಕಿಗಳ ಸಂಖ್ಯೆ ಮತ್ತೆ ಏರಿತು. ಈ ಉತ್ತರವನ್ನು ಪುಸ್ತಕ ನೋಡದೆ, ಕಾರಣಗಳ ಸಮೇತ ಬರೆದ ಮಗುವಿಗೆ ನಾನು ಇನ್ನೊಂದು ಪ್ರಶ್ನೆ ಕೊಡುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಬೇಗ ಮಲಗು ಎಂದು ಹೇಳಿ ಕಳಿಸುತ್ತೇನೆ.