ಆಗಸ್ಟ್ ದಾಟಿದ ಬಸಳೆ: ದುಬೈ ಬಾಲ್ಕನಿಯ ನನ್ನ ಅನುಭವ

ದುಬೈಗೆ ಬಂದದ್ದು 2014ರ ಜೂನ್‌ನಲ್ಲಿ. ದೇರಾದಲ್ಲಿ ಬೆಡ್‌ಸ್ಪೇಸ್, ಅಂದರೆ ಬಾಡಿಗೆಗೆ ಒಂದು ಮಂಚದ ಜಾಗ ಮಾತ್ರ, ಒಂದು ರೂಮಿಗೆ ಆರು ಜನ. ಮೊದಲ ದಿನ ಸ್ನಾನಕ್ಕೆ ಹೋಗಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಮೈ ಸುಡುವ ನೀರು. ಟ್ಯಾಂಕು ತಾರಸಿಯ ಮೇಲಿದೆ, ಇಡೀ ದಿನ ಬಿಸಿಲಲ್ಲಿ ಕಾದಿರುತ್ತದೆ. ರೂಮಿನ ಕುಂದಾಪುರದ ಅಣ್ಣ ಹೊರಗಿನಿಂದಲೇ ಕೂಗಿದರು: "ಕೆಂಪು ನಲ್ಲಿ ತಿರುಗಿಸು ಮಾರಾಯ!" ಬೇಸಿಗೆಯಲ್ಲಿ ಇಲ್ಲಿ ಗೀಸರ್ ಆಫ್ ಮಾಡಿಡುತ್ತಾರೆ. ಅದರೊಳಗೆ ನಿಂತ ನೀರು ಏಸಿಯ ತಂಪಿಗೆ ಆರುತ್ತದೆ. ಹಾಗಾಗಿ ಬಿಸಿನೀರಿನ ನಲ್ಲಿಯಲ್ಲೇ ತಣ್ಣೀರು. ಬಸಳೆ ವಿಷಯದಲ್ಲೂ ಇದೇ ಲೆಕ್ಕ ಅಂತ ನನಗೆ ಹೊಳೆಯಲು ಮುಂದೆ ಮೂರು ವರ್ಷ ಹಿಡಿಯಿತು.

ಚಳಿಗಾಲದಲ್ಲಿ ಇಲ್ಲಿ ಯಾರು ಬೇಕಾದರೂ ಬೆಳೆಸುತ್ತಾರೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹರಿವೆ, ಟೊಮೆಟೊ ಎಲ್ಲ ಬರುತ್ತದೆ. ನನಗೆ ಬೇಕಿದ್ದದ್ದು ಆಗಸ್ಟ್‌ನಲ್ಲಿ ಬಸಳೆ. ಊರಲ್ಲಿ ಮಳೆ ಸುರಿಯುವಾಗ ತಿನ್ನುವ ಬಸಳೆ ಹುಳಿಯ ನೆನಪು ಆ ತಿಂಗಳಲ್ಲೇ ಜಾಸ್ತಿ ಕಾಡುತ್ತದೆ, ಅಲ್ವಾ? ಅಣ್ಣನಿಗೆ ಹೇಳಿದಾಗ, "ಮನುಷ್ಯರೇ ಬೇಯುವ ಜಾಗ ಇದು, ಎಂತ ಬಸಳೆ ನಿನ್ನದು?" ಅಂದರು.

2016ರಲ್ಲಿ ಮೊದಲ ಸಲ ಕೈಹಾಕಿದೆ. ನರ್ಸರಿ ಮಣ್ಣು, ಎರಡು ಕುಂಡ, ಬಾಟಲಿ ಗೊಬ್ಬರ, ಹಸಿರು ನೆಟ್ ಸೇರಿ ಸುಮಾರು 120 ದಿರ್ಹಮ್ ಹೋಯಿತು. ಊರಿಗೆ ಕಳಿಸಿದ್ದರೆ ಎರಡು ಸಾವಿರ ರೂಪಾಯಿಗೂ ಮೇಲೆ. ಜೂನ್ ಮುಗಿಯುವುದರೊಳಗೆ ಬಳ್ಳಿ ಬೆಂದುಹೋಯಿತು. ತಪ್ಪು ನನ್ನದೇ. ಕುಂಡ ಇಟ್ಟದ್ದು ಏಸಿಯ ಹೊರಗಿನ ಯೂನಿಟ್ ಬಿಸಿಗಾಳಿ ಬಿಡುವ ಕಡೆಗೆ. ನಾನು ಏಸಿ ಟೆಕ್ನಿಷಿಯನ್, ದಿನವೂ ಅಂಥ ಗಾಳಿಯ ಎದುರು ನಿಂತು ಕೆಲಸ ಮಾಡುವವನು. ಆದರೂ ಗಮನಿಸಿರಲಿಲ್ಲ.

ಮರುವರ್ಷ ಜಾಗ ಬದಲಿಸಿದೆ, ನೆರಳು ಕಟ್ಟಿದೆ. ಮತ್ತೂ ಸತ್ತಿತು. ಎಲೆ ಹಸಿರಾಗೇ ಇದ್ದು ಬುಡ ಕೊಳೆತಿತ್ತು. ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಆಗ ನಲ್ಲಿಯ ಕಥೆ ನೆನಪಾಯಿತು. ನಾನು ಹಾಕುತ್ತಿದ್ದದ್ದು ಆ ಸುಡುನೀರನ್ನೇ! ಎಲೆಯ ಚಿಂತೆ ಬಿಡಿ, ಬೇರು ತಂಪಾಗಿದ್ದರೆ ಬಸಳೆ ಬಿಸಿಲು ತಡೆಯುತ್ತದೆ.

2018ರಿಂದ ಮಾಡಿದ್ದು ಹೀಗೆ. ಕುಂಡ ಬಿಟ್ಟು ಮೀನಿನ ಥರ್ಮಾಕೋಲ್ ಪೆಟ್ಟಿಗೆ ತಂದೆ. ಮೀನಿನ ಅಂಗಡಿಯವರು ಸುಮ್ನೆ ಕೊಡುತ್ತಾರೆ. ಮೂರು ದಿನ ನೀರು ಬದಲಿಸಿ ನೆನೆಸಿಡಬೇಕು. ನಾನು ಒಮ್ಮೆ ಸರಿಯಾಗಿ ತೊಳೆಯದೆ ಉಪ್ಪಿಗೆ ಒಂದು ಪೆಟ್ಟಿಗೆ ಗಿಡ ಕಳೆದುಕೊಂಡೆ. ಪೆಟ್ಟಿಗೆಯ ತಳದಲ್ಲಿ ಐದಾರು ತೂತು. ಒಳಗೆ ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಉಳಿದದ್ದು ತೊಳೆದ ಮರಳು, ಆಡಿನ ಹಿಕ್ಕೆ, ರೂಮಿನ ಚಹಾ ಚರಟ. ಇನ್ನೊಂದು ಸಾಮಾನೂ ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕವರಿಗೆ ಹೇಳುತ್ತೇನೆ. ಬೀಜ ಹುಡುಕಲು ಹೋಗಬೇಡಿ. ಅಂಗಡಿಯಲ್ಲಿ ನಾಲ್ಕೈದು ದಿರ್ಹಮ್‌ಗೆ ಸಿಗುವ ಬಸಳೆ ಕಟ್ಟಿನಲ್ಲಿ ದಪ್ಪ ದಂಟು ಆರಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಟ್ಟರೆ ಸಾಕು.

ನೀರು ಏಸಿಯದ್ದು. ಒಳಗಿನ ಯೂನಿಟ್‌ನ ಡ್ರೈನ್ ಪೈಪನ್ನು ಬಕೆಟ್‌ಗೆ ಬಿಟ್ಟೆ. ಆಗಸ್ಟ್‌ನ ಸೆಕೆಗೆ ಬೆಳಗಾಗುವುದರೊಳಗೆ ಅರ್ಧ ಬಕೆಟ್‌ಗೂ ಜಾಸ್ತಿ ತುಂಬುತ್ತದೆ. ಮೇ ತಿಂಗಳ ಒಣ ಗಾಳಿಯಲ್ಲಿ ಅಷ್ಟು ಬರುವುದಿಲ್ಲ. ಮಳೆನೀರಿನ ಹಾಗೆ ಉಪ್ಪಿಲ್ಲದ ನೀರು, ತಂಪಾಗಿಯೂ ಇರುತ್ತದೆ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಒಂದು ಸಲ, ರಾತ್ರಿ ಒಂದು ಸಲ ಹಾಕುತ್ತೇನೆ. ಏಸಿಯೊಳಗಿನ ಕಾಯಿಲನ್ನು (ಗಾಳಿ ತಂಪು ಮಾಡುವ ಕೊಳವೆ ಸುರುಳಿ) ಕೆಮಿಕಲ್ ಹಾಕಿ ತೊಳೆದಿದ್ದರೆ ಒಂದು ವಾರ ಆ ನೀರು ಮುಟ್ಟಬೇಡಿ.

ನೆರಳಿನ ಹೊತ್ತನ್ನು ಕಲಿತದ್ದು ಕೆಲಸದಿಂದ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಲ್ಲಿ, ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಇಲ್ಲಿಯ ಕಾನೂನು. ಬಳ್ಳಿಗೂ ಆ ಹೊತ್ತು ಬಿಡುವು ಕೊಟ್ಟೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಲೆ, ಪೆಟ್ಟಿಗೆಯ ಸುತ್ತ ಒದ್ದೆ ಗೋಣಿತಾಟು. ಗೋಣಿ ಜೂನ್‌ನಲ್ಲಿ ಚೆನ್ನಾಗಿ ತಂಪು ಕೊಡುತ್ತದೆ. ಆಗಸ್ಟ್‌ನಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ಅದು ಆರುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಆಗ ತೆಗೆದುಬಿಡಿ.

ಬಾಲ್ಕನಿಯಲ್ಲಿ ಬಟ್ಟೆ ಕೂಡ ಒಣಗಿಸಬಾರದು, ಕಟ್ಟಡದ ಅಂದ ಕೆಡುತ್ತದೆ ಅನ್ನುವ ಜಾಗ ಇದು. ಅಂಗಳದ ತುಂಬ ಹಗ್ಗ ಕಟ್ಟಿ ಬಟ್ಟೆ ಹರವುವ ಮನೆಯಿಂದ ಬಂದ ನನಗೆ ಅದೇ ವಿಚಿತ್ರ ಅನ್ನಿಸಿತ್ತು. ನಾತೂರ್, ಅಂದರೆ ಕಟ್ಟಡದ ಕಾವಲುಗಾರ, ಬಾಂಗ್ಲಾದೇಶದವರು. ಒಂದು ದಿನ ಪೆಟ್ಟಿಗೆ ತೆಗೆಸಲೆಂದೇ ಮೇಲೆ ಬಂದರು. ಬಳ್ಳಿ ನೋಡಿ ಅಲ್ಲೇ ನಿಂತರು. ಒಂದು ಎಲೆ ಮುಟ್ಟಿ "ಪುಯಿ ಶಾಕ್" ಅಂದರು. ಅವರ ಊರಲ್ಲೂ ಇದನ್ನು ಸಿಗಡಿ ಹಾಕಿ ಮಾಡುತ್ತಾರಂತೆ, ನಮ್ಮ ಹಾಗೇ! ಗ್ರಿಲ್ಲಿಗಿಂತ ಮೇಲೆ ಹೋಗಬಾರದು, ನೀರು ನಿಂತು ಸೊಳ್ಳೆ ಆಗಬಾರದು ಅಂತ ಎರಡು ಷರತ್ತು ಹಾಕಿ ಇಳಿದು ಹೋದರು. ಮುಂದಿನ ಕೊಯ್ಲಿನಲ್ಲಿ ಮೊದಲ ಕಟ್ಟು ಅವರಿಗೇ ಕೊಟ್ಟೆ. ಪಕ್ಕದ ಫಿಲಿಪೀನೋ ಮನೆಯವರು ಇದನ್ನು ಅಲುಗ್ಬಾತಿ ಅನ್ನುತ್ತಾರೆ, ಹೆಸರುಕಾಳಿನ ಜೊತೆ ಬೇಯಿಸುತ್ತಾರೆ. ನಾಲ್ಕು ವರ್ಷ ಬರೀ ಕೈಬೀಸಿ ಹೋಗುತ್ತಿದ್ದವರು ಒಂದು ಕಟ್ಟು ಸೊಪ್ಪಿನ ನಂತರ ಬಟ್ಟಲು ಹಿಡಿದು ಬಾಗಿಲು ತಟ್ಟುವಂತಾದರು.

ಬೇರೆಯವನ್ನೂ ನೋಡಿದೆ. ಒಂದೆಲಗ ಉಳಿಯಲಿಲ್ಲ. ಮಂಗಳೂರು ಸೌತೆ ಚಳಿಗಾಲದಲ್ಲಿ ಹೂ ಬಿಟ್ಟಿತು, ಆದರೆ ಐದನೇ ಮಹಡಿಗೆ ಜೇನು ಬರಲಿಲ್ಲ. ಗಂಡು ಹೂವನ್ನು ಹೆಣ್ಣು ಹೂವಿಗೆ ಕೈಯಲ್ಲೇ ಮುಟ್ಟಿಸಿದ್ದಕ್ಕೆ ಎರಡು ಕಾಯಿ ಸಿಕ್ಕವು. ಕೆಸು ಚೆನ್ನಾಗಿ ಬಂತು, ಒಂದು ಸಲ ಪತ್ರೊಡೆಯೂ ಆಯಿತು.

ಈಗ ಎರಡು ಪೆಟ್ಟಿಗೆಯಲ್ಲಿ ಬೇಸಿಗೆಯಿಡೀ ಹದಿನೈದು ದಿನಕ್ಕೊಮ್ಮೆ ಕೊಯ್ಯುತ್ತೇನೆ, ಆರು ಜನರಿಗೆ ಒಂದು ಹೊತ್ತಿಗೆ ಧಾರಾಳ. ಖರ್ಚು ವರ್ಷಕ್ಕೆ ಮೂವತ್ತು ದಿರ್ಹಮ್ ದಾಟುವುದಿಲ್ಲ. 2022ರಲ್ಲಿ ವಾರದ ರಜೆ ಶುಕ್ರವಾರದಿಂದ ಭಾನುವಾರಕ್ಕೆ ಬಂದ ಮೇಲೆ ಊರಿನ ಹಾಗೆ ಭಾನುವಾರವೇ ಒಣ ಸಿಗಡಿ ಹಾಕಿ ಮಾಡುತ್ತೇನೆ. ಮೊನ್ನೆ ಅಣ್ಣ ಮೂರನೇ ಸಲ ಬಡಿಸಿಕೊಂಡರು. ಮರುದಿನ ಕೆಲಸದಿಂದ ಬರುವಾಗ ಮೀನಿನ ಅಂಗಡಿಯಿಂದ ಒಂದು ಪೆಟ್ಟಿಗೆ ಹೊತ್ತು ತಂದಿದ್ದಾರೆ. ಬಚ್ಚಲಲ್ಲಿ ನೆನೆಯಲು ಇಟ್ಟಿದ್ದೇವೆ.