ಮೊದಲು ಬೆಂಚು ನೋಡಿದೆ, ಆಮೇಲೆ ಚೀಟಿ ಎತ್ತಿದೆ

ನಾಲ್ಕು ಬಗೆಯ ಮಣ್ಣಿನ ಮಿಶ್ರಣಗಳಿವೆ. ಟೊಮೆಟೊ ಸಸಿ ಯಾವುದರಲ್ಲಿ ಚೆನ್ನಾಗಿ ಬರುತ್ತದೆ? ನನ್ನ ಪ್ರಶ್ನೆ ಇಷ್ಟೇ ಇತ್ತು. ಉತ್ತರ ಸಿಗುವ ಹೊತ್ತಿಗೆ ನಾಲ್ಕು ಸಲ ಟ್ರೇ ತುಂಬಿದ್ದೆ. ಮೊದಲ ಎರಡು ಸಲ ಮಿಶ್ರಣದ ಬಗ್ಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಪಾಲಿಹೌಸಿನ ಬಗ್ಗೆ.

ಜಾಗ ಹೇಗಿತ್ತು ಅಂತ ಮೊದಲು ಹೇಳಬೇಕು. ಪಾಲಿಹೌಸಿನ ಒಂದು ತುದಿಯಲ್ಲಿ ನೀರು ಇಳಿಯುವ ಕೂಲಿಂಗ್ ಪ್ಯಾಡ್, ಎದುರು ತುದಿಯಲ್ಲಿ ಗಾಳಿ ಎಳೆಯುವ ಫ್ಯಾನ್. ಪ್ಯಾಡಿನ ಹತ್ತಿರ ಗಾಳಿ ತಂಪಾಗಿ, ತೇವವಾಗಿ ಇರುತ್ತದೆ. ಫ್ಯಾನಿನ ಕಡೆ ಹೋದ ಹಾಗೆ ಬಿಸಿ ಏರುತ್ತದೆ, ಟ್ರೇ ಬೇಗ ಒಣಗುತ್ತದೆ. ನಡುವೆ ಆರು ಬೆಂಚುಗಳು, ಒಂದರ ಹಿಂದೆ ಒಂದು, ಗಾಳಿಗೆ ಅಡ್ಡಲಾಗಿ. ಪ್ರತಿ ಬೆಂಚಿನ ಮೇಲೆ ನಾಲ್ಕು ಟ್ರೇಗೆ ಜಾಗ. ಒಟ್ಟು 24 ಟ್ರೇ, ಪ್ರತಿ ಟ್ರೇಯಲ್ಲಿ 50 ಗುಳಿ.

ಮೊದಲ ಪ್ರಯೋಗದಲ್ಲಿ ಒಂದೊಂದು ಮಿಶ್ರಣದ ಆರಾರು ಟ್ರೇಗಳನ್ನು ಒಟ್ಟಿಗೆ ಇಟ್ಟೆ. ಪ್ಯಾಡಿನ ಕಡೆಯಿಂದ ಎ, ಆಮೇಲೆ ಬಿ, ಸಿ, ಕೊನೆಗೆ ಡಿ. ಲೇಬಲ್ ಹಚ್ಚೋದು ಸುಲಭ, ನೀರು ಹಾಕೋರಿಗೆ ಹೇಳೋದೂ ಸುಲಭ. ಮೂರು ವಾರದ ನಂತರ ಸಸಿ ಕಿತ್ತು, ಬೇರು ತೊಳೆದು, ಓವನ್ನಿನಲ್ಲಿ ಒಣಗಿಸಿ ತೂಕ ಮಾಡಿದೆ. ಎ ಮೊದಲು, ಡಿ ಕೊನೆ. ಮೆಟ್ಟಿಲಿಳಿದ ಹಾಗೆ ಇತ್ತು. ಎಷ್ಟು ಸ್ಪಷ್ಟವಾಗಿದೆ ಅಂತ ಖುಷಿಯಾಯಿತು.

ಖಾತ್ರಿ ಮಾಡಿಕೊಳ್ಳೋಣ ಅಂತ ಎರಡನೇ ಸಲವೂ ಮಾಡಿದೆ. ಆ ದಿನ ಫ್ಯಾನಿನ ಕಡೆಯ ಬೆಂಚುಗಳು ಮೊದಲು ತೊಳೆದು ಸಿದ್ಧವಾಗಿದ್ದವು, ಹಾಗಾಗಿ ಅಲ್ಲಿಂದಲೇ ಎ, ಬಿ, ಸಿ, ಡಿ ಅಂತ ಜೋಡಿಸಲು ಶುರು ಮಾಡಿದೆ. ಈ ಸಲ ಡಿ ಮೊದಲು ಬಂತು, ಎ ಕೊನೆಗೆ ಹೋಯಿತು. ಎರಡೂ ಕಾಗದ ಪಕ್ಕದಲ್ಲಿಟ್ಟು ನೋಡಿದಾಗ ವಿಷಯ ತಲೆಗೆ ಹೋಯಿತು. ನಾನು ತೂಕ ಮಾಡುತ್ತಿದ್ದದ್ದು ಮಿಶ್ರಣವನ್ನಲ್ಲ, ಪ್ಯಾಡಿನಿಂದ ಎಷ್ಟು ದೂರ ಅನ್ನುವುದನ್ನು. ಮಿಶ್ರಣದ ಪರಿಣಾಮ, ಜಾಗದ ಪರಿಣಾಮ ಒಂದಕ್ಕೊಂದು ಅಂಟಿಕೊಂಡಿದ್ದವು. ಇಂಥ ಅಂಟನ್ನು ಆಮೇಲೆ ಯಾವ ಲೆಕ್ಕವೂ ಬಿಡಿಸುವುದಿಲ್ಲ. ಟ್ರೇ ಇಡುವ ದಿನವೇ ಬಿಡಿಸಬೇಕು.

ಮೂರನೇ ಸಲ ಹೋಲಿಕೆಯನ್ನೇ ಬಿಟ್ಟೆ. 24 ಟ್ರೇಗೂ ಒಂದೇ ಮಿಶ್ರಣ, ಒಂದೇ ಬೀಜ. ಹೊಲದ ಪ್ರಯೋಗ ಮಾಡುವವರು ಇದನ್ನು ಯೂನಿಫಾರ್ಮಿಟಿ ಟ್ರಯಲ್ ಅನ್ನುತ್ತಾರೆ. ಎಲ್ಲಾ ಕಡೆ ಒಂದೇ ಬೆಳೆದು, ಜಾಗ ತಾನಾಗಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅಂತ ನೋಡುವುದು. ಮೂರು ವಾರ ಸುಮ್ನೆ ಹೋಯಿತಲ್ಲ ಅಂತ ಜೊತೆಯವರಿಗೆ ಅನಿಸಿತ್ತು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಮೂರು ವಾರ ಅದು. ಪ್ಯಾಡಿನಿಂದ ಫ್ಯಾನಿನವರೆಗೆ ತೂಕ ಬೆಂಚಿನಿಂದ ಬೆಂಚಿಗೆ ಇಳಿಯುತ್ತಾ ಹೋಗಿತ್ತು. ಆದರೆ ಒಂದೇ ಬೆಂಚಿನ ನಾಲ್ಕು ಟ್ರೇಗಳ ನಡುವೆ ವ್ಯತ್ಯಾಸ ಕಡಿಮೆ.

ನಾಲ್ಕನೇ ಸಲ ಬ್ಲಾಕಿಂಗ್ ಮಾಡಿದೆ. ಬ್ಲಾಕಿಂಗ್ ಅಂದರೆ ಇದನ್ನು ಬಳಸಿಕೊಳ್ಳುವುದು. ಯಾವ ಜಾಗಗಳು ಒಂದಕ್ಕೊಂದು ಹತ್ತಿರವಾಗಿ, ಒಂದೇ ಥರ ಇವೆಯೋ ಅವುಗಳನ್ನು ಒಂದು ಗುಂಪು ಮಾಡಿ, ಆ ಗುಂಪಿನೊಳಗೆ ಎಲ್ಲಾ ಮಿಶ್ರಣಗಳನ್ನೂ ಒಂದೊಂದು ಸಲ ಇಡುವುದು. ಆಗ ಎ ಮತ್ತು ಡಿ ಒಂದೇ ಗಾಳಿಯಲ್ಲಿ ಪಕ್ಕ ಪಕ್ಕ ಬೆಳೆಯುತ್ತವೆ. ಕೃಷಿ ಓದಿದವರ ಬಾಯಲ್ಲಿ ಇದಕ್ಕೆ ಆರ್‌ಬಿಡಿ, ಅಂದರೆ ರ್ಯಾಂಡಮೈಜ್ಡ್ ಬ್ಲಾಕ್ ಡಿಸೈನ್, ಅಂತಲೇ ಹೆಸರು.

ಇಲ್ಲೂ ಒಂದು ತಪ್ಪು ಆಗುವುದರಲ್ಲಿತ್ತು. ಪೈಪು ಉದ್ದಕ್ಕೆ ಹೋಗುತ್ತದೆ, ನಡೆಯುವ ದಾರಿಯೂ ಉದ್ದಕ್ಕೆ ಇದೆ. ಹಾಗಾಗಿ ನನ್ನ ಮೊದಲ ನಕ್ಷೆಯಲ್ಲಿ ಬ್ಲಾಕುಗಳನ್ನೂ ಪ್ಯಾಡಿನಿಂದ ಫ್ಯಾನಿನ ಕಡೆಗೆ ಉದ್ದುದ್ದ ಎಳೆದಿದ್ದೆ. ಹಾಗೆ ಮಾಡಿದ್ದರೆ ಒಂದೇ ಬ್ಲಾಕಿನ ಒಳಗೆ ತಂಪು ಟ್ರೇಯೂ ಇರುತ್ತಿತ್ತು, ಬಿಸಿ ಟ್ರೇಯೂ ಇರುತ್ತಿತ್ತು. ಬ್ಲಾಕುಗಳೆಲ್ಲಾ ಒಂದಕ್ಕೊಂದು ಒಂದೇ ಥರ, ಒಳಗಡೆ ಮಾತ್ರ ಏರುಪೇರು. ನಮಗೆ ಬೇಕಾದ್ದು ಇದಕ್ಕೆ ಪೂರ್ತಿ ಉಲ್ಟಾ. ವ್ಯತ್ಯಾಸ ಬ್ಲಾಕು ಬ್ಲಾಕುಗಳ ನಡುವೆ ಜಾಸ್ತಿ ಇರಬೇಕು, ಬ್ಲಾಕಿನ ಒಳಗೆ ಕಡಿಮೆ ಇರಬೇಕು. ಇಳಿಜಾರು ಯಾವ ಕಡೆಗಿದೆಯೋ ಬ್ಲಾಕು ಅದಕ್ಕೆ ಅಡ್ಡ ಬರಬೇಕು. ನಕ್ಷೆ ಅಳಿಸಿ, ಒಂದು ಬೆಂಚು ಒಂದು ಬ್ಲಾಕ್ ಅಂತ ಮಾಡಿದೆ.

ಇದರಿಂದ ಎಷ್ಟು ಲಾಭ ಅಂತ ಕೇಳುವವರಿಗೆ ನಾನು ಒಂದು ಪುಟ್ಟ ಲೆಕ್ಕ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. ಎರಡು ಮಿಶ್ರಣ, ನಾಲ್ಕು ಬ್ಲಾಕ್ ಅಂದುಕೊಳ್ಳಿ. ಮೊದಲ ಮಿಶ್ರಣಕ್ಕೆ 10, 20, 30, 40. ಎರಡನೆಯದಕ್ಕೆ ಅದೇ ಬ್ಲಾಕುಗಳಲ್ಲಿ 12, 23, 32, 41. ಸರಾಸರಿ 25 ಮತ್ತು 27, ವ್ಯತ್ಯಾಸ ಬರೀ 2. ಬ್ಲಾಕನ್ನು ಮರೆತು ನೋಡಿದರೆ ಅಂಕಿಗಳು 10ರಿಂದ 41ರವರೆಗೆ ಹರಡಿವೆ, ಅದರಲ್ಲಿ 2 ಎಲ್ಲಿ ಕಾಣುತ್ತದೆ? ಟಿ ಬೆಲೆ, ಅಂದರೆ ವ್ಯತ್ಯಾಸ ಅದರ ಏರುಪೇರಿನ ಅಂದಾಜಿನ ಎಷ್ಟು ಪಟ್ಟು ಅನ್ನುವುದು, ಸುಮಾರು 0.22 ಬರುತ್ತದೆ. ಈಗ ಬ್ಲಾಕಿನೊಳಗಿನ ವ್ಯತ್ಯಾಸ ಮಾತ್ರ ನೋಡಿ: 2, 3, 2, 1. ಪ್ರತಿ ಬ್ಲಾಕಿನಲ್ಲೂ ಎರಡನೆಯದೇ ಮುಂದೆ. ಟಿ ಬೆಲೆ 4.9. ಅಂಕಿಗಳು ಅವೇ, ಟ್ರೇಗಳೂ ಅಷ್ಟೇ. ಬದಲಾಗಿದ್ದು ಯಾವುದನ್ನು ಯಾವುದರ ಜೊತೆ ಹೋಲಿಸಿದೆವು ಅನ್ನುವುದು.

ಬೆಂಚಿನೊಳಗೆ ನಾಲ್ಕು ಜಾಗಕ್ಕೆ ನಾಲ್ಕು ಮಿಶ್ರಣ ಹಂಚುವ ಕೆಲಸ ಬಂದಾಗ, ನಾನೇ ಕೈಯಾರೆ ಕಲಸಿ ಬರೆದೆ. ರ್ಯಾಂಡಮ್ ಆಗಿದೆ ಅಂತಲೇ ಅನಿಸಿತು. ಆಮೇಲೆ ಗಮನಿಸಿದರೆ, ಒಂದು ಬೆಂಚಿನಲ್ಲಿ ಒಂದು ಮಿಶ್ರಣ ಇದ್ದ ಜಾಗಕ್ಕೆ ಅದರ ಮುಂದಿನ ಬೆಂಚಿನಲ್ಲಿ ಅದನ್ನು ಒಂದು ಸಲವೂ ಇಟ್ಟಿರಲಿಲ್ಲ. ಎ ಒಂದು ಸಲವೂ ಬಾಗಿಲ ಕಡೆಯ ತುದಿಗೆ ಹೋಗಿರಲಿಲ್ಲ. ಗೆಲ್ಲಬೇಕು ಅಂತ ನನಗೆ ಆಸೆಯಿದ್ದ ಮಿಶ್ರಣ ಅದು. ಬೇಕಂತ ಮಾಡಿದ್ದಲ್ಲ. ಕೈಗೆ ತನ್ನದೇ ಒಲವು ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಆ ಕಾಗದ ಹರಿದುಹಾಕಿ ಚೀಟಿ ಮಾಡಿದೆ. ನಾಲ್ಕು ಚೀಟಿ, ಒಂದೇ ಅಳತೆ, ಒಂದೇ ಥರ ಮಡಚಿದ್ದು. ಒಂದೊಂದು ಬೆಂಚಿಗೂ ಹೊಸದಾಗಿ ಕುಲುಕಿ ಎತ್ತಿದೆ. ಒಂದು ಬೆಂಚಿನಲ್ಲಿ 24 ರೀತಿ ಜೋಡಿಸಬಹುದು, ಆರು ಬೆಂಚಿಗೆ 19 ಕೋಟಿಗೂ ಜಾಸ್ತಿ ರೀತಿಗಳು. ಅದರಲ್ಲಿ ಯಾವುದು ಬರಬೇಕು ಅನ್ನುವುದರಲ್ಲಿ ನನ್ನ ಮನಸ್ಸಿಗೆ ಪಾಲಿಲ್ಲ. ಕಂಪ್ಯೂಟರಿನಲ್ಲೂ ಮಾಡಬಹುದು, ಆದರೆ ಸೀಡ್ ಸಂಖ್ಯೆ, ಅಂದರೆ ಕಂಪ್ಯೂಟರ್ ತನ್ನ ರ್ಯಾಂಡಮ್ ಪಟ್ಟಿ ಶುರು ಮಾಡುವ ಅಂಕಿ, ಬರೆದಿಡಿ. ಇಲ್ಲದಿದ್ದರೆ ಅದೇ ಜೋಡಣೆ ಮತ್ತೆ ತೆಗೆದು ತೋರಿಸಲು ಆಗುವುದಿಲ್ಲ.

ಚೀಟಿ ಎತ್ತಿ ಮುಗಿದಾಗ ಬಾಗಿಲ ಕಡೆಯ ಜಾಗಕ್ಕೆ ಆರರಲ್ಲಿ ಮೂರು ಸಲ ಸಿ ಬಂದಿತ್ತು. ಜೊತೆಯವರೊಬ್ಬರು, 'ಇದು ಸರಿಯಿಲ್ಲ, ಇನ್ನೊಂದು ಸಲ ಎತ್ತಿ' ಅಂದರು. ನನಗೂ ಕೈ ತುರಿಸಿತು. ಲೆಕ್ಕ ಹಾಕಿ ನೋಡಿದೆ. ಒಂದು ಜಾಗಕ್ಕೆ ಒಂದು ಮಿಶ್ರಣ ಆರರಲ್ಲಿ ಮೂರು ಅಥವಾ ಜಾಸ್ತಿ ಸಲ ಬರುವುದು ನೂರಕ್ಕೆ ಸುಮಾರು 17 ಸಲ ಆಗುವಂಥದ್ದು. ಅದೂ ಒಂದೇ ಜಾಗ, ಒಂದೇ ಮಿಶ್ರಣ ಹಿಡಿದರೆ. ಜಾಗ ನಾಲ್ಕು, ಮಿಶ್ರಣ ನಾಲ್ಕು ಇರುವಾಗ ಎಲ್ಲೋ ಒಂದು ಕಡೆ ಹೀಗೆ ಕಾಣದಿದ್ದರೇ ಆಶ್ಚರ್ಯ. ಚೆಂದ ಕಾಣುವವರೆಗೆ ಎತ್ತುತ್ತಾ ಹೋದರೆ ಮತ್ತೆ ನನ್ನ ಕೈಯ ಒಲವೇ ಒಳಗೆ ಬರುತ್ತದೆ ಅಲ್ವಾ? ಹಾಗೇ ಬಿಟ್ಟೆ. ಬಾಗಿಲ ಕಡೆ ನಿಜವಾಗಿಯೂ ತೊಂದರೆ ಇದೆ ಅನಿಸಿದ್ದರೆ ಚೀಟಿಗೆ ಮೊದಲೇ ಯೋಚಿಸಬೇಕಿತ್ತು. ನಾಲ್ಕು ಬೆಂಚು, ನಾಲ್ಕು ಜಾಗ ತೆಗೆದುಕೊಂಡು ಲ್ಯಾಟಿನ್ ಸ್ಕ್ವೇರ್, ಅಂದರೆ ಪ್ರತಿ ಮಿಶ್ರಣ ಪ್ರತಿ ಸಾಲಿನಲ್ಲೂ ಒಂದೇ ಸಲ ಬರುವ ಜೋಡಣೆ, ಮಾಡಿದರೆ ಅಡ್ಡಸಾಲು, ಉದ್ದಸಾಲು ಎರಡನ್ನೂ ಕಟ್ಟಿಹಾಕಬಹುದು. ಆದರೆ ಎರರಿಗೆ, ಅಂದರೆ ಕಾರಣ ಹೇಳಲಾಗದ ಏರುಪೇರಿನ ಅಂದಾಜಿಗೆ, ಉಳಿಯುವ ಡಿಗ್ರೀಸ್ ಆಫ್ ಫ್ರೀಡಂ (ಸ್ವತಂತ್ರ ಅಂಕಿಗಳ ಎಣಿಕೆ) ಬರೀ 6. ನನ್ನ ಯೂನಿಫಾರ್ಮಿಟಿ ಟ್ರಯಲ್‌ನಲ್ಲಿ ಬಾಗಿಲ ಕಡೆ ಅಂಥದ್ದೇನೂ ಕಂಡಿರಲಿಲ್ಲ, ಹಾಗಾಗಿ ಆರು ಬ್ಲಾಕೇ ಇರಲಿ ಅಂತ ನಿರ್ಧರಿಸಿದ್ದೆ.

ಚೀಟಿಯೋ, ಕೈಯಾರೆ ಜೋಡಣೆಯೋ ಅನ್ನುವ ಈ ಜಗಳ ಹಳೆಯದು. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಚೀಟಿಯ ಪರ. ಬಿಯರ್ ಮಾಡುವ ಗಿನ್ನೆಸ್ ಕಂಪನಿಯಲ್ಲಿದ್ದ, 'ಸ್ಟೂಡೆಂಟ್' ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ಗೊಸೆಟ್ ಸಮತೂಕದ, ಕ್ರಮಬದ್ಧ ಜೋಡಣೆಯ ಪರ. 1937ರಲ್ಲಿ ಗೊಸೆಟ್ ತೀರಿಕೊಳ್ಳುವವರೆಗೂ ಇಬ್ಬರೂ ಒಪ್ಪಲಿಲ್ಲ. ಗೊಸೆಟ್ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಕ್ರಮವಾಗಿ ಜೋಡಿಸಿದರೆ ಕೆಲವೊಮ್ಮೆ ಹೋಲಿಕೆ ಹೆಚ್ಚು ನಿಖರವಾಗಬಹುದು. ಆದರೆ ಎಷ್ಟು ನಿಖರ ಅಂತ ಆ ಪ್ರಯೋಗದೊಳಗಿನಿಂದ ಸರಿಯಾಗಿ ಹೇಳಲು ಬರುವುದಿಲ್ಲ. ಚೀಟಿ ಎತ್ತಿದರೆ ಮಾತ್ರ ಎರರಿನ ಅಂದಾಜಿಗೆ ಒಂದು ಆಧಾರ ಸಿಗುತ್ತದೆ. ಫಿಶರ್ ಅವರ ಟೀ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. 8 ಕಪ್, ಅದರಲ್ಲಿ 4ಕ್ಕೆ ಹಾಲು ಮೊದಲು, ಉಳಿದವಕ್ಕೆ ಟೀ ಮೊದಲು; ಯಾವುದು ಯಾವುದು ಅಂತ ರುಚಿ ನೋಡಿ ಹೇಳಬೇಕು. ಸುಮ್ನೆ ಊಹಿಸಿ ಎಲ್ಲವನ್ನೂ ಸರಿ ಹೇಳುವ ಸಾಧ್ಯತೆ 70ರಲ್ಲಿ 1. ಆ 70 ಅನ್ನುವ ಅಂಕಿ ಬಂದಿದ್ದೇ ಕಪ್‌ಗಳನ್ನು ರ್ಯಾಂಡಮ್ ಕ್ರಮದಲ್ಲಿ ಕೊಡುವುದರಿಂದ. ಕ್ರಮ ಊಹಿಸುವಂತಿದ್ದರೆ ಆ ಅಂಕಿಗೆ ಬೆಲೆಯೇ ಇಲ್ಲ.

ಟ್ರೇ ಇಟ್ಟ ಮೇಲೂ ಕೆಲಸ ಮುಗಿಯಲಿಲ್ಲ. 24 ಟ್ರೇಯ ಬೇರು ಒಂದೇ ದಿನ ತೊಳೆಯಲು ಆಗುವುದಿಲ್ಲ. ಮೊದಲ ದಿನ ಎ, ಬಿ ಮುಗಿಸಿ ಮರುದಿನ ಸಿ, ಡಿ ಮಾಡಿದ್ದರೆ ಒಂದು ದಿನದ ಬೆಳವಣಿಗೆ ಮಿಶ್ರಣಕ್ಕೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಮೊದಲ ದಿನ ಮೂರು ಪೂರ್ತಿ ಬೆಂಚು, ಎರಡನೇ ದಿನ ಉಳಿದ ಮೂರು. ತೊಳೆಯುವವರಿಗೂ ಇದೇ ನಿಯಮ: ಒಬ್ಬರು ಒಂದು ಬೆಂಚು ಪೂರ್ತಿ ಮುಗಿಸಬೇಕು. ಒಬ್ಬರ ಕೈ ಮೆದು, ಇನ್ನೊಬ್ಬರ ಕೈ ಒರಟು. ಆ ವ್ಯತ್ಯಾಸ ಬ್ಲಾಕಿನ ಲೆಕ್ಕಕ್ಕೇ ಹೋಗುತ್ತದೆ, ಮಿಶ್ರಣಗಳ ನಡುವೆ ಬರುವುದಿಲ್ಲ. ಎಲೆಯ ಬಣ್ಣಕ್ಕೆ ಅಂಕ ಕೊಡುವವರಿಗೆ ಟ್ರೇ ನಂಬರ್ ಮಾತ್ರ ಕೊಟ್ಟೆ, ಮಿಶ್ರಣದ ಹೆಸರು ಕೊಡಲಿಲ್ಲ.

ನಾಲ್ಕನೇ ಬೆಂಚಿನಲ್ಲಿ ಒಂದು ಟ್ರೇಯ ಡ್ರಿಪ್ಪರ್ ಕಟ್ಟಿಕೊಂಡು ಸಸಿಗಳು ಒಣಗಿದವು. ಮಿಶ್ರಣಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ತೂಕ ನೋಡುವ ಮೊದಲೇ ಕಾರಣ ಬರೆದು ಆ ಟ್ರೇ ಬಿಟ್ಟೆ.

ಅನೋವಾ, ಅಂದರೆ ಒಟ್ಟು ವ್ಯತ್ಯಾಸವನ್ನು ಬ್ಲಾಕು, ಮಿಶ್ರಣ, ಎರರ್ ಅಂತ ಪಾಲು ಮಾಡುವ ಲೆಕ್ಕ, ಮಾಡುವಾಗ ತುಂಬಾ ಜನ ಎಡವುವ ಜಾಗ ಒಂದಿದೆ. ನನ್ನ ಬಳಿ 24 ಟ್ರೇಗೆ 1200 ಸಸಿಗಳ ಲೆಕ್ಕ. 1200 ಅಂಕಿ ಇವೆ ಅಂತ ಹಾಗೇ ಹಾಕಿದರೆ ಎಲ್ಲವೂ ಸಿಗ್ನಿಫಿಕೆಂಟ್ ಆಗಿ, ಅಂದರೆ ಬರೀ ಆಕಸ್ಮಿಕ ಅಲ್ಲ ಅನ್ನುವ ಹಾಗೆ, ಕಾಣುತ್ತದೆ. ಆದರೆ ಚೀಟಿ ಎತ್ತಿದ್ದು ಸಸಿಗಲ್ಲ, ಟ್ರೇಗೆ. ಒಂದು ಟ್ರೇಯ 50 ಸಸಿಗಳು ಒಂದೇ ಜಾಗ, ಒಂದೇ ನೀರು ಹಂಚಿಕೊಂಡಿವೆ. ಅವು 50 ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಹಾಗಾಗಿ ಟ್ರೇಗೆ ಒಂದು ಸರಾಸರಿ. 24 ಟ್ರೇಗೆ ಒಟ್ಟು 23 ಡಿಗ್ರೀಸ್ ಆಫ್ ಫ್ರೀಡಂ: ಬ್ಲಾಕಿಗೆ 5, ಮಿಶ್ರಣಕ್ಕೆ 3, ಎರರಿಗೆ 15. ಒಂದು ಟ್ರೇ ಹೋಗಿದ್ದರಿಂದ ನನಗೆ ಸಿಕ್ಕಿದ್ದು 14.

ಬ್ಲಾಕ್ ಮಾಡದೆ ಪೂರ್ತಿ ರ್ಯಾಂಡಮ್ ಇಟ್ಟಿದ್ದರೆ, ಅಂದರೆ ಸಿಆರ್‌ಡಿ ಮಾಡಿದ್ದರೆ, ಎರರಿಗೆ 20 ಸಿಗುತ್ತಿತ್ತಲ್ಲ, 5 ಕಳೆದುಕೊಂಡೆವಲ್ಲ ಅಂತ ಕೇಳುತ್ತಾರೆ. 5 ಪರ್ಸೆಂಟ್ ಮಟ್ಟದಲ್ಲಿ ದಾಟಬೇಕಾದ ಟಿ ಬೆಲೆ 20ಕ್ಕೆ 2.086, 15ಕ್ಕೆ 2.131. ಕಳೆದುಕೊಂಡಿದ್ದು ಇಷ್ಟು. ಪಡೆದಿದ್ದು, ಪ್ಯಾಡಿನಿಂದ ಫ್ಯಾನಿನವರೆಗಿನ ಇಡೀ ಇಳಿಜಾರು ಎರರಿನಿಂದ ಹೊರಗೆ ಹೋಗಿದ್ದು. ಬ್ಲಾಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಆಮೇಲೆ ಅದನ್ನು ಲೆಕ್ಕದಿಂದ ಕಿತ್ತುಹಾಕುವವರೂ ಇದ್ದಾರೆ. ನಾನು ಮಾಡುವುದಿಲ್ಲ. ಚೀಟಿ ಎತ್ತಿದ್ದು ಬ್ಲಾಕಿನೊಳಗೆ, ಲೆಕ್ಕವೂ ಹಾಗೇ ಇರಬೇಕು.

ಕೊನೆಗೆ ಬಿ ಮಿಶ್ರಣ ಮುಂದೆ ಬಂತು. ಎ ಅಲ್ಲ, ಡಿ ಅಲ್ಲ. ಮೊದಲ ಎರಡು ಪ್ರಯೋಗದಲ್ಲಿ ನಡುವೆ ಕೂತು ಯಾರ ಕಣ್ಣಿಗೂ ಬೀಳದ ಮಿಶ್ರಣ ಅದು.

ಬೆಂಚುವಾರು ಅಂಕಿಗಳನ್ನು ಗ್ರಾಫಿನಲ್ಲಿ ಎಳೆದಾಗ ಇನ್ನೊಂದು ಕಂಡಿತು. ಪ್ಯಾಡಿನ ಹತ್ತಿರ ಬಿ ಅಷ್ಟೇನೂ ಮುಂದಿಲ್ಲ. ಫ್ಯಾನಿನ ಕಡೆ ಹೋದ ಹಾಗೆ ಅಂತರ ದೊಡ್ಡದಾಗುತ್ತದೆ. ಬಿ ನೀರು ಹಿಡಿದಿಟ್ಟುಕೊಳ್ಳುವ ಮಿಶ್ರಣ, ಒಣ ಜಾಗದಲ್ಲಿ ಅದರಿಂದ ಜಾಸ್ತಿ ಉಪಯೋಗ ಇರಬಹುದು. ಆದರೆ ಈ ಪ್ರಯೋಗದಿಂದ ಅದನ್ನು ಹೇಳಲು ಬರುವುದಿಲ್ಲ. ಒಂದು ಬ್ಲಾಕಿನಲ್ಲಿ ಒಂದು ಮಿಶ್ರಣದ ಟ್ರೇ ಒಂದೇ ಇದ್ದರೆ, ಮಿಶ್ರಣ ಜಾಗಕ್ಕೆ ತಕ್ಕಂತೆ ಬದಲಾಯಿತೋ ಅಥವಾ ಅದು ಬರೀ ಎರರೋ ಅಂತ ಬೇರೆ ಮಾಡಲು ಆಗುವುದಿಲ್ಲ. ಆ 14ರೊಳಗೆ ಎರಡೂ ಬೆರೆತಿವೆ.

ಹಾಗಾಗಿ ಮುಂದಿನ ಸಲ ಅರ್ಧ ಅಗಲದ ಟ್ರೇಗಳನ್ನು ತರಿಸಿದ್ದೇನೆ. ಬೆಂಚಿಗೆ ಎಂಟು, ಪ್ರತಿ ಮಿಶ್ರಣಕ್ಕೆ ಎರಡೆರಡು, ಒಟ್ಟು 48. ಬ್ಲಾಕಿಗೆ 5, ಮಿಶ್ರಣಕ್ಕೆ 3, ಎರಡರ ಕೂಡಿಕೆಗೆ (ಜಾಗಕ್ಕೆ ತಕ್ಕಂತೆ ಮಿಶ್ರಣ ಬದಲಾಗುವುದಕ್ಕೆ) 15, ಟ್ರೇ ಟ್ರೇ ನಡುವಿನ ಎರರಿಗೆ 24. ಎಂಟು ಚೀಟಿ ಮಡಚಿ ಡಬ್ಬಿಗೆ ಹಾಕಿದ್ದೇನೆ. ಬೆಂಚು ತೊಳೆದು ಮುಗಿದ ಮೇಲೆ ಎತ್ತಬೇಕು.