ಕುಣಿಯುತ್ತಿದ್ದ ಕರೆಂಟ್ ಕೊನೆಗೂ ನಿಂತಿತು

ನಮ್ಮ ಕಾರ್ಬನ್ ನ್ಯಾನೋಟ್ಯೂಬ್ ಕ್ಯಾಥೋಡ್ (ಇಂಗಾಲದ ಅತಿ ಸಣ್ಣ ಕೊಳವೆಗಳಿಂದ ಎಲೆಕ್ಟ್ರಾನ್ ಹೊರಬಿಡುವ ಭಾಗ) ಎರಡು ವಾರ ಸತಾಯಿಸಿತು. ಡಿಸಿ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನ್ ಬರುತ್ತಿತ್ತು, ಆದರೆ ಕರೆಂಟ್ ಒಂದು ನಿಮಿಷವೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮೊದಲು ಪವರ್ ಸಪ್ಲೈ ಮೇಲೆ ಅನುಮಾನ ಬಂತು. ಸುಮ್ನೆ ಬದಲಾಯಿಸಿದೆ, ಏನೂ ಆಗಲಿಲ್ಲ.

ಆಮೇಲೆ ಫೌಲರ್ ಮತ್ತು ನಾರ್ಡ್‌ಹೈಮ್ 1928ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಗ್ರಾಫ್ ಹಾಕಿದೆ. ಫೀಲ್ಡ್ ಎಮಿಷನ್, ಅಂದರೆ ಬಲವಾದ ವಿದ್ಯುತ್ ಕ್ಷೇತ್ರವೇ (ಫೀಲ್ಡ್) ಎಲೆಕ್ಟ್ರಾನನ್ನು ಹೊರಗೆಳೆಯುವುದು ಆದರೆ, ಗೆರೆ ನೇರವಾಗಿರಬೇಕು ಅಲ್ವಾ? ನಮ್ಮದು ಕಡಿಮೆ ವೋಲ್ಟೇಜಿನಲ್ಲಿ ನೇರ, ಮೇಲೆ ಹೋದಂತೆ ಬಾಗಿತ್ತು. ಟ್ಯೂಬ್ ತುದಿಗೆ ನೀರಾವಿ ಅಂಟಿರಬಹುದು ಅನ್ನಿಸಿತು.

ಎದುರಿಗೆ ಎಲೆಕ್ಟ್ರಾನ್ ಬಿದ್ದಲ್ಲಿ ಹೊಳೆಯುವ ಫಾಸ್ಫರ್ ಪರದೆ ಇಟ್ಟಾಗ ಇನ್ನೊಂದು ಗುಟ್ಟು ಬಯಲಾಯಿತು. ಇಡೀ ಪರದೆ ಹೊಳೆಯುವ ಬದಲು ಎರಡೇ ಚುಕ್ಕಿ! ಬಾಚದ ತಲೆಯಲ್ಲಿ ಎದ್ದು ನಿಂತ ಕೂದಲಿನ ಹಾಗೆ, ಉದ್ದದ ಎರಡು ಟ್ಯೂಬ್‌ಗಳೇ ಎಲ್ಲ ಹೊರೆ ಹೊರುತ್ತಿದ್ದವು. ಉದ್ದ ಜಾಸ್ತಿ ಇದ್ದಷ್ಟೂ ತುದಿಯಲ್ಲಿ ಫೀಲ್ಡ್ ಜಾಸ್ತಿ.

ಚೇಂಬರನ್ನು 200 ಡಿಗ್ರಿಯಲ್ಲಿ ಎರಡು ದಿನ ಕಾಯಿಸಿ ತೇವ ತೆಗೆದೆ. ನಂತರ ವೋಲ್ಟೇಜನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಿದೆ, ಪ್ರತಿ ಹೆಜ್ಜೆಗೂ ಅರ್ಧ ಗಂಟೆ ಕಾದೆ. ಉದ್ದದ ತುದಿಗಳು ಸುಟ್ಟು ಮೊಟಕಾದವು. ಪರದೆಯಲ್ಲಿ ಚುಕ್ಕಿಗಳು ಹರಡಿಕೊಂಡವು. ಒಂದು ಬ್ಯಾಲಸ್ಟ್ ರೆಸಿಸ್ಟರನ್ನೂ ಸರಣಿಯಲ್ಲಿ ಹಾಕಿದೆ. ಕರೆಂಟ್ ಜಿಗಿದರೆ ಅದೇ ವೋಲ್ಟೇಜನ್ನು ಇಳಿಸುತ್ತದೆ.

ಈಗ ಅದೇ ಕರೆಂಟಿಗೆ ಮೊದಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪರವಾಗಿಲ್ಲ, ನಿನ್ನೆ ಆರು ಗಂಟೆ ಅಲುಗಾಡದೆ ಓಡಿತು.